ಕಾರಿನ ಎಣ್ಣೆಯೂ ಗೃಹಿಣಿಯ ಲೆಕ್ಕದಲ್ಲಿರಲಿ

ನೀರುದೋಸೆಯ ಹಿಟ್ಟು ಎಷ್ಟು ತೆಳ್ಳಗಿರಬೇಕೆಂದು ನಮ್ಮ ಮಂಗಳೂರಿನ ಕಡೆಯ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾವಲಿಗೆ ಎರೆದ ಕೂಡಲೇ ಅದು ತಾನಾಗಿ ಹರಿದು ಹರಡಬೇಕು. ಉದ್ದಿನ ದೋಸೆಯ ಹಿಟ್ಟಿಗೆ ಬೇರೆಯೇ ಹದ. ಇಡ್ಲಿಗೆ ಇನ್ನೂ ಗಟ್ಟಿ. "ಹಿಟ್ಟು ದಪ್ಪ ಇದ್ದಷ್ಟೂ ಒಳ್ಳೇದು" ಅಂತ ಯಾರಾದರೂ ಹೇಳಿದರೆ ನೀವು ನಕ್ಕುಬಿಡುತ್ತೀರಿ. ಯಾವುದಕ್ಕೆ ಯಾವ ಹದ ಎಂಬುದೇ ಮುಖ್ಯ, ಅಲ್ಲವೇ?

ಅಂಗಳದಲ್ಲಿ ನಿಂತಿರುವ ನಿಮ್ಮ ಕಾರಿನ ಇಂಜಿನ್ ಆಯಿಲ್ ವಿಚಾರವೂ ಇಷ್ಟೇ. ಆದರೆ ಅಲ್ಲಿ ಮಾತ್ರ "ದಪ್ಪ ಎಣ್ಣೆ ಹಾಕಿ, ಗಟ್ಟಿ ಬರ್ತದೆ" ಎಂಬ ಮಾತನ್ನು ನಾವು ತಲೆಯಾಡಿಸಿ ಒಪ್ಪಿಕೊಂಡು, ಕೇಳಿದಷ್ಟು ಹಣ ಕೊಟ್ಟು ಬರುತ್ತೇವೆ!

ಬೆಳಿಗ್ಗೆ ಎಂಟು ಗಂಟೆಯ ಹೊತ್ತಿಗೆ ಕದ್ರಿಯ ರಸ್ತೆಗಳಲ್ಲಿ ನಿಂತು ನೋಡಿ. ಕದ್ರಿ ಕಂಬಳದಿಂದ, ಶಿವಭಾಗದಿಂದ, ಪದವಿನಿಂದ ಮಕ್ಕಳನ್ನು ಶಾಲೆಗೆ ಬಿಡಲು ಹೊರಟ ಕಾರುಗಳಲ್ಲಿ ಎಷ್ಟೋ ಕಾರುಗಳ ಸ್ಟಿಯರಿಂಗ್ ತಾಯಂದಿರ ಕೈಯಲ್ಲೇ ಇರುತ್ತದೆ. ಯಜಮಾನರು ದುಬೈಯಲ್ಲೋ ಮಸ್ಕತ್ತಿನಲ್ಲೋ ದುಡಿಯುತ್ತಿರುವ ಮನೆಗಳೂ ಇಲ್ಲಿ ಕಡಿಮೆಯಿಲ್ಲ. ಆ ಮನೆಗಳಲ್ಲಿ ಅತ್ತೆಯವರನ್ನು ಡಾಕ್ಟರರ ಬಳಿಗೆ ಕರೆದೊಯ್ಯುವುದರಿಂದ ಹಿಡಿದು ಕಾರನ್ನು ಸರ್ವೀಸಿಗೆ ಬಿಡುವವರೆಗೆ ಎಲ್ಲವೂ ಮನೆಯಾಕೆಯದೇ ಜವಾಬ್ದಾರಿ. ಗ್ಯಾರೇಜಿನ ಹುಡುಗ "ಅಕ್ಕಾ, ಯಾವ ಆಯಿಲ್ ಹಾಕ್ಲಿ?" ಅಂತ ಕೇಳಿದರೆ ನಮ್ಮ ಉತ್ತರ ಒಂದೇ: "ನೀವೇ ಒಳ್ಳೇದು ನೋಡಿ ಹಾಕಿ ಮಾರಾಯ್ರೆ." ಈ ಒಂದು ಮಾತು ಎಷ್ಟು ದುಬಾರಿ ಎಂದು ತಿಳಿಯಬೇಕಾದರೆ ಎಣ್ಣೆ ಆರಿ ಜಾಮ್ ಆದ ಇಂಜಿನ್ನನ್ನು ಬಿಚ್ಚಿಸಿ ಕಟ್ಟಿಸಿದವರನ್ನು ಕೇಳಬೇಕು. ಒಂದು ವರ್ಷದ ಮನೆಖರ್ಚಿನಲ್ಲಿ ಕೂಡಿಟ್ಟದ್ದು ಒಂದೇ ಬಿಲ್ಲಿನಲ್ಲಿ ಕರಗಿಹೋಗುತ್ತದೆ.

ಹೆದರಬೇಡಿ. ಇದನ್ನು ತಿಳಿಯಲು ಇಂಜಿನಿಯರ್ ಆಗಬೇಕಾಗಿಲ್ಲ. ಕುಕ್ಕರಿನ ಗ್ಯಾಸ್ಕೆಟ್ ಸವೆದದ್ದು ಗೊತ್ತಾಗುವ ನಿಮಗೆ ಇದೂ ಗೊತ್ತಾಗುತ್ತದೆ.

ಅಂದಿನ ಟ್ಯೂನಿಂಗ್, ಇಂದಿನ ಟ್ಯೂನಿಂಗ್

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳ ಕಾಲ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಆಗ "ಕಾರು ಟ್ಯೂನಿಂಗಿಗೆ ಕೊಟ್ಟಿದ್ದೇವೆ" ಎನ್ನುವುದು ಮನೆಮನೆಯ ಮಾತು. ಮೆಕ್ಯಾನಿಕ್ ಸ್ಕ್ರೂಡ್ರೈವರ್ ಹಿಡಿದು ಕಾರ್ಬುರೇಟರಿನ ಸ್ಕ್ರೂ ತಿರುಗಿಸಿ, ಕಿವಿಗೊಟ್ಟು ಕೇಳಿ, ಪೆಟ್ರೋಲು ಮತ್ತು ಗಾಳಿಯ ಪ್ರಮಾಣವನ್ನು ಹೊಂದಿಸುತ್ತಿದ್ದ. ಪ್ಲಗ್ ಬಿಚ್ಚಿ ಉಜ್ಜುವುದು, ಪಾಯಿಂಟ್ ಸರಿಮಾಡುವುದು, ಟೈಮಿಂಗ್ ಇಡುವುದು ಎಲ್ಲವೂ ಕೈಚಳಕದ ಕೆಲಸ. ಒಳ್ಳೆಯ ಕಿವಿ ಇದ್ದವನು ಕಾರಿನ ಮೈಲೇಜನ್ನು ಏರಿಸುತ್ತಿದ್ದ. ಅವಸರದವನ ಕೈಗೆ ಸಿಕ್ಕಿದರೆ ಸೈಲೆನ್ಸರಿನಿಂದ ಕಪ್ಪು ಹೊಗೆ.

1973ರಲ್ಲಿ ಅರಬ್ ದೇಶಗಳು ತೈಲ ರಫ್ತಿಗೆ ತಡೆ ಹಾಕಿದಾಗ ಕಚ್ಚಾ ತೈಲದ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟಾಯಿತು. ನಮ್ಮ ದೇಶದಲ್ಲೂ ಪೆಟ್ರೋಲು ಉಳಿಸುವ ಪಾಠ ಶುರುವಾದದ್ದು ಆ ಪೆಟ್ಟಿನ ಬಳಿಕವೇ. ಅದಕ್ಕೆಂದೇ 1978ರಲ್ಲಿ ಪೆಟ್ರೋಲಿಯಂ ಕನ್ಸರ್ವೇಶನ್ ರಿಸರ್ಚ್ ಅಸೋಸಿಯೇಶನ್ ಎಂಬ ಸಂಸ್ಥೆ ಹುಟ್ಟಿತು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದು ಮಧ್ಯಮವರ್ಗದ ಮನೆಗೂ ಕಾರು ತಂದಿತು. 2000ದ ಆಚೀಚೆ ಕಾರ್ಬುರೇಟರ್ ಮೂಲೆಗೆ ಸರಿದು, ಪೆಟ್ರೋಲನ್ನು ಅಳೆದು ಚಿಮ್ಮಿಸುವ ಇಂಜೆಕ್ಷನ್ ಪದ್ಧತಿ ಬಂತು. ಈಗ ಎಷ್ಟು ಗಾಳಿಗೆ ಎಷ್ಟು ಪೆಟ್ರೋಲು, ಕಿಡಿ ಯಾವಾಗ ಎಂಬುದನ್ನೆಲ್ಲ ಕಾರಿನೊಳಗಿನ ಪುಟ್ಟ ಕಂಪ್ಯೂಟರೇ ಕ್ಷಣಕ್ಷಣಕ್ಕೆ ತೀರ್ಮಾನಿಸುತ್ತದೆ. ಆದುದರಿಂದ ಯಾರಾದರೂ "ಅಕ್ಕಾ, ಟ್ಯೂನಿಂಗ್ ಮಾಡಿ ಕೊಡ್ತೇನೆ, ಮೈಲೇಜ್ ಏರ್ತದೆ" ಎಂದರೆ "ಏನೇನು ಮಾಡ್ತೀರಿ?" ಎಂದು ಕೇಳಿ. ಏರ್ ಫಿಲ್ಟರ್ ಬದಲು, ಪ್ಲಗ್ ಬದಲು, ಥ್ರಾಟಲ್ ಬಾಡಿ ಸ್ವಚ್ಛ ಮಾಡುವುದು ಎಂದರೆ ಸರಿ. ಅವು ಕೈಪಿಡಿಯಲ್ಲಿ ಹೇಳಿದ ಹೊತ್ತಿಗೆ ಮಾಡಿಸಬೇಕಾದ ಕೆಲಸಗಳೇ. ತಿರುಗಿಸಲು ಸ್ಕ್ರೂ ಮಾತ್ರ ಈಗ ಇಲ್ಲ!

ಕಾಲೇಜಿಗೆ ಹೋಗುವ ಮಗ "ಕಂಪ್ಯೂಟರನ್ನೇ ಬದಲಾಯಿಸಿ ಇಂಜಿನ್ ಪವರ್ ಹೆಚ್ಚಿಸ್ತಾರಮ್ಮ" ಅಂತ ಹಟ ಹಿಡಿಯಬಹುದು. ಅದರಿಂದ ಕಂಪೆನಿಯ ವಾರಂಟಿಗೆ ಸಂಚಕಾರ, ಹೊಗೆ ತಪಾಸಣೆಯಲ್ಲೂ ತೊಂದರೆ ಬರಬಹುದು. ಮನೆಬಳಕೆಯ ಕಾರಿಗೆ ಅದು ಬೇಡವೇ ಬೇಡ ಎಂದು ಖಂಡಿತವಾಗಿ ಹೇಳಿಬಿಡಿ.

ಡಬ್ಬಿಯ ಮೇಲಿನ ಅಂಕೆಗಳ ಅರ್ಥ

ಈಗ ಎಣ್ಣೆಯ ಡಬ್ಬಿಗೆ ಬರೋಣ. ಅದರ ಮೇಲೆ 20ಡಬ್ಲ್ಯೂ-40, 10ಡಬ್ಲ್ಯೂ-30, 5ಡಬ್ಲ್ಯೂ-30, 0ಡಬ್ಲ್ಯೂ-20 ಎಂದೆಲ್ಲ ಬರೆದಿರುತ್ತದೆ. ಅಮೆರಿಕದ ವಾಹನ ಇಂಜಿನಿಯರುಗಳ ಸಂಘವೊಂದು 1911ರಲ್ಲಿ ಎಣ್ಣೆಯ ಹದವನ್ನು ಅಂಕೆಯಲ್ಲಿ ಹೇಳುವ ಪದ್ಧತಿಯನ್ನು ಹಾಕಿಕೊಟ್ಟಿತು. ಎಸ್‌ಎಇ ಎಂಬ ಮೂರಕ್ಷರ ಆ ಸಂಘದ ಹೆಸರಿನದು.

ಎರಡು ಅಂಕೆ ಯಾಕೆ? ಡಿಸೆಂಬರಿನ ಬೆಳಿಗ್ಗೆ ತೆಂಗಿನೆಣ್ಣೆಯ ಬಾಟಲಿಯನ್ನು ನೆನಪಿಸಿಕೊಳ್ಳಿ. ತಣ್ಣಗಿರುವಾಗ ಬೀಳಲೊಲ್ಲದು, ಬಿಸಿಲಿಗಿಟ್ಟರೆ ನೀರಿನಂತೆ ಹರಿಯುತ್ತದೆ. ಇಂಜಿನ್ ಆಯಿಲ್ ಹಾಗೆ ಹೆಪ್ಪುಗಟ್ಟದಿದ್ದರೂ ತಣ್ಣಗಿದ್ದಾಗ ದಪ್ಪ, ಬಿಸಿಯಾದಾಗ ತೆಳು. ಡಬ್ಲ್ಯೂ ಎಂದರೆ ಇಂಗ್ಲಿಷಿನ ಚಳಿಗಾಲದ ಮೊದಲಕ್ಷರ. ಅದರ ಹಿಂದಿನ ಅಂಕೆ ತಣ್ಣಗಿನ ಇಂಜಿನ್ನಿನಲ್ಲಿ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು ಹೇಳುತ್ತದೆ. ಅಂಕೆ ಚಿಕ್ಕದಾದಷ್ಟೂ ಹರಿವು ಚುರುಕು. ಕೊನೆಯ ಅಂಕೆ ಇಂಜಿನ್ ಚೆನ್ನಾಗಿ ಕಾದು ಎಣ್ಣೆ 100 ಡಿಗ್ರಿ ತಲುಪಿದಾಗ ಅದರ ದಪ್ಪ ಎಷ್ಟು ಎಂಬುದನ್ನು ಹೇಳುತ್ತದೆ. ಅಂಕೆ ದೊಡ್ಡದಾದಷ್ಟೂ ದಪ್ಪ.

"ನಮ್ಮ ಊರಲ್ಲಿ ಹಿಮ ಬೀಳುತ್ತದೆಯೇ? ನಮಗೆ ಚಳಿಯ ಅಂಕೆ ಯಾಕೆ?" ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆಯೇ. ಆದರೆ 5ಡಬ್ಲ್ಯೂ-30ರಂತಹ ಎಣ್ಣೆ ಕೂಡ 100 ಡಿಗ್ರಿಯಲ್ಲಿ ಇರುವುದಕ್ಕಿಂತ 40 ಡಿಗ್ರಿಯಲ್ಲಿ ಐದಾರು ಪಟ್ಟು ದಪ್ಪ ಇರುತ್ತದೆ. ಅಂದರೆ ಇಂಜಿನ್ನಿನ ಲೆಕ್ಕದಲ್ಲಿ ನಮ್ಮ ಏಪ್ರಿಲ್ ತಿಂಗಳ ಮಧ್ಯಾಹ್ನವೂ "ತಣ್ಣಗೆ"! ರಾತ್ರಿಯಿಡೀ ನಿಂತ ಕಾರಿನಲ್ಲಿ ಎಣ್ಣೆಯೆಲ್ಲ ಕೆಳಗಿನ ತಟ್ಟೆಗೆ ಇಳಿದಿರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಪಂಪು ಅದನ್ನು ಮೇಲಿನ ಭಾಗಗಳಿಗೆ ಎತ್ತಿ ಕೊಡಬೇಕು. ಆ ಮೊದಲ ಕ್ಷಣಗಳು ಇಂಜಿನ್ನಿಗೆ ಬಹಳ ಸವೆತದ ಹೊತ್ತು. ಎಣ್ಣೆ ಬೇಗ ಮೇಲೇರಿದಷ್ಟೂ ಒಳ್ಳೆಯದು.

ದಪ್ಪ ಎಣ್ಣೆಯೇ ಗಟ್ಟಿಯೇ?

ಹಳೆಯ ಅಂಬಾಸಿಡರಿಗೆ 20ಡಬ್ಲ್ಯೂ-40 ಸರಿಯಾಗಿತ್ತು. ಅದರ ಭಾಗಗಳ ನಡುವಿನ ಸಂದು ದೊಡ್ಡದು, ಆ ಸಂದಿಗೆ ದಪ್ಪ ಎಣ್ಣೆ ಬೇಕಿತ್ತು. "ದಪ್ಪ ಹಾಕಿ" ಎಂಬ ಮಾತು ಅಲ್ಲಿಂದ ಉಳಿದುಬಂದದ್ದು. ಇಂದಿನ ಇಂಜಿನ್ನುಗಳ ಸಂದುಗಳು ಬಹಳ ಕಿರಿದು, ಎಣ್ಣೆ ಹರಿಯುವ ದಾರಿಗಳೂ ಸಪೂರ. ಆ ಹಳೆಯ ದಪ್ಪ ಎಣ್ಣೆಯನ್ನು ಇದಕ್ಕೆ ಹಾಕಿದರೆ ಎಣ್ಣೆ ಮೇಲೇರುವುದು ತಡ. ಅದನ್ನು ಕಲಕುತ್ತ ತಿರುಗಲು ಇಂಜಿನ್ನಿಗೆ ಹೆಚ್ಚಿನ ಶ್ರಮ. ಆ ಶ್ರಮಕ್ಕೆ ಪೆಟ್ರೋಲು ಕೊಡುವವರು ನೀವು! ಹಾಗೆಂದು ಹೇಳಿದ್ದಕ್ಕಿಂತ ತೆಳುವಾದದ್ದನ್ನು ಹಾಕಿದರೆ, ಬಿಸಿಯಲ್ಲಿ ಎಣ್ಣೆಯ ಪದರ ಹರಿದು ಲೋಹಕ್ಕೆ ಲೋಹ ಉಜ್ಜುವ ಅಪಾಯ.

ಕಾರಿಗೆ ಹೇಳಿದ ಗ್ರೇಡಿನ ಎಣ್ಣೆಯನ್ನೇ ಹಾಕಿದರೆ ಮೈಲೇಜಿನಲ್ಲಿ ಶೇಕಡಾ 1ರಿಂದ 2ರಷ್ಟು ಲಾಭ ಎಂದು ಅಮೆರಿಕ ಸರಕಾರದ ಇಂಧನ ಇಲಾಖೆ ಹೇಳುತ್ತದೆ. "ಇಷ್ಟೇನಾ?" ಎನ್ನಬೇಡಿ. ನಿಜವಾದ ಲಾಭ ಪೆಟ್ರೋಲಿನದಲ್ಲ, ಹತ್ತು ಹದಿನೈದು ವರ್ಷ ಬಾಳಬೇಕಾದ ಇಂಜಿನ್ನಿನದು.

ಹಾಗಾದರೆ ನಿಮ್ಮ ಕಾರಿಗೆ ಯಾವುದು? ಉತ್ತರ ನಿಮ್ಮ ಕಾರಿನಲ್ಲೇ ಇದೆ! ಡ್ಯಾಶ್‌ಬೋರ್ಡಿನ ಗೂಡು ತೆರೆದರೆ ಇನ್ಶೂರೆನ್ಸ್ ಕಾಗದದ ಅಡಿಯಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಒಂದು ಕೈಪಿಡಿ ಮಲಗಿರುತ್ತದೆ. ಅದರಲ್ಲಿ ಇಂಜಿನ್ ಆಯಿಲ್ ಎಂಬ ಪುಟ ಹುಡುಕಿ. ಗ್ರೇಡ್ ಎಷ್ಟು, ಎಷ್ಟು ಲೀಟರ್ ಹಿಡಿಯುತ್ತದೆ, ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಎಂಬ ಮೂರನ್ನೂ ನಿಮ್ಮ ಹಾಲಿನ ಲೆಕ್ಕದ ಡೈರಿಯಲ್ಲಿ ಬರೆದುಕೊಳ್ಳಿ. ಕೈಪಿಡಿ ಕಳೆದುಹೋಗಿದ್ದರೆ ಕಂಪೆನಿಯ ಸರ್ವೀಸ್ ಸೆಂಟರಿನಲ್ಲಿ ಕಾರಿನ ಮಾದರಿ, ವರ್ಷ ಹೇಳಿ ಕೇಳಿ.

ಗ್ರೇಡ್ ಹದವನ್ನು ಹೇಳಿದರೆ, ಗುಣಮಟ್ಟವನ್ನು ಹೇಳಲು ಎಪಿಐ ಎಂಬ ಇನ್ನೊಂದು ಗುರುತು ಇದೆ. ಪೆಟ್ರೋಲ್ ಕಾರಿಗೆ ಎಸ್ ಅಕ್ಷರದಿಂದ ಶುರುವಾಗುವ ಎಸ್‌ಎನ್, ಎಸ್‌ಪಿ ಮುಂತಾದವು. ಎರಡನೆಯ ಅಕ್ಷರ ಮುಂದಕ್ಕೆ ಹೋದಷ್ಟೂ ಹೊಸದು. ಡೀಸೆಲಿಗೆ ಸಿ ಅಕ್ಷರದವು. 2020ರ ಏಪ್ರಿಲಿನಿಂದ ಬಂದ ಬಿಎಸ್ 6 ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಜರಡಿಯೊಂದಿರುತ್ತದೆ. ಸುಟ್ಟಾಗ ಬೂದಿ ಹೆಚ್ಚು ಬಿಡುವ ಎಣ್ಣೆ ಅದನ್ನು ಕಟ್ಟಿಹಾಕುತ್ತದೆ. ಆದ್ದರಿಂದ ಅಂಥ ಕಾರಿಗೆ ಕೈಪಿಡಿಯಲ್ಲಿ ಹೇಳಿದ ಗುರುತಿನ ಎಣ್ಣೆ ಬಿಟ್ಟು ಬೇರೆ ಬೇಡ.

ಇನ್ನೊಂದು ಮಾತು. ಕಾರಿಗೆ ಹಾಕಿ ಉಳಿದ ಅರ್ಧ ಲೀಟರ್ ಎಣ್ಣೆಯನ್ನು "ಸುಮ್ಮನೆ ಯಾಕೆ ಹಾಳು" ಎಂದು ಮೈದುನನ ಬೈಕಿಗೆ ಹೊಯ್ಯಬೇಡಿ. ಹೆಚ್ಚಿನ ಬೈಕುಗಳಲ್ಲಿ ಕ್ಲಚ್ ಎಣ್ಣೆಯಲ್ಲೇ ಮುಳುಗಿರುತ್ತದೆ. ಕಾರಿನ ಎಣ್ಣೆಯ ಜಾರುವ ಗುಣದಿಂದ ಆ ಕ್ಲಚ್ ಜಾರತೊಡಗಬಹುದು. ಬೈಕಿನದು ಬೈಕಿಗೆ, ಕಾರಿನದು ಕಾರಿಗೆ. ಮನೆಯಲ್ಲಿ ಬ್ಯಾಟರಿಯಿಂದ ಓಡುವ ಕಾರಿದ್ದರೆ ಅದಕ್ಕೆ ಇಂಜಿನ್ ಆಯಿಲ್ ಗೊಡವೆಯೇ ಇಲ್ಲ.

ಕಡಿಮೆ ಓಡಿದ ಕಾರಿಗೇ ಹೆಚ್ಚು ಕಾಳಜಿ

"ನಮ್ಮ ಕಾರು ಓಡುವುದೇ ಇಲ್ಲ. ವರ್ಷಕ್ಕೆ ಮೂರು ಸಾವಿರ ಕಿಲೋಮೀಟರ್ ಆದರೆ ಹೆಚ್ಚು. ಹತ್ತು ಸಾವಿರಕ್ಕೆ ಆಯಿಲ್ ಬದಲಿಸಿ ಅಂತ ಉಂಟಲ್ಲ, ಇನ್ನೂ ಎರಡು ವರ್ಷ ಹೋಗ್ಲಿ" ಎನ್ನುವವರೇ ನಮ್ಮಲ್ಲಿ ಹೆಚ್ಚು. ಗೃಹಿಣಿಯರು ಮುಖ್ಯವಾಗಿ ತಿಳಿಯಬೇಕಾದದ್ದು ಇಲ್ಲೇ ಇದೆ.

ನಿಮ್ಮ ಮನೆ ಕದ್ರಿ ದೇವಸ್ಥಾನದ ಹತ್ತಿರ ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಶಾಲೆ, ಬರುವಾಗ ಮಲ್ಲಿಕಟ್ಟೆಯ ಮಾರ್ಕೆಟ್ಟಿನಲ್ಲಿ ಬಸಳೆಯೋ ಹರಿವೆಯೋ, ಸಂಜೆ ಮಕ್ಕಳನ್ನು ಕದ್ರಿ ಪಾರ್ಕಿಗೆ ಕರೆದೊಯ್ಯುವುದು. ಒಂದೊಂದೂ ಒಂದೆರಡು ಕಿಲೋಮೀಟರಿನ ಓಡಾಟ. ಪ್ರತಿಸಲವೂ ಇಂಜಿನ್ ಅರ್ಧ ಕಾಯುವುದರೊಳಗೆ ಬಂದ್! ಎಣ್ಣೆ ಪೂರ್ತಿ ಬಿಸಿಯಾಗಬೇಕಾದರೆ ಹದಿನೈದು ಇಪ್ಪತ್ತು ನಿಮಿಷದ ಓಟ ಬೇಕು.

ಒಂದು ಲೀಟರ್ ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ನೀರು ಆವಿಯಾಗಿ ಹುಟ್ಟುತ್ತದೆ ಎಂದರೆ ನಂಬುವಿರಾ? ಬೆಳಿಗ್ಗೆ ಸೈಲೆನ್ಸರಿನಿಂದ ತೊಟ್ಟಿಕ್ಕುವ ನೀರು ಅದೇ. ಹೆಚ್ಚಿನದೆಲ್ಲ ಹೊರಗೆ ಹೋಗುತ್ತದೆ, ಸ್ವಲ್ಪ ಇಂಜಿನ್ನಿನ ಒಳಗೂ ನುಸುಳುತ್ತದೆ. ಇಡ್ಲಿ ಅಟ್ಟದ ಮುಚ್ಚಳದ ಒಳಬದಿಯಲ್ಲಿ ಹನಿ ಕೂಡುವುದಿಲ್ಲವೇ, ಹಾಗೆ. ದೂರ ಓಡಿ ಎಣ್ಣೆ ಚೆನ್ನಾಗಿ ಕಾದರೆ ಈ ನೀರು ಆವಿಯಾಗಿ ಹೋಗುತ್ತದೆ. ದಿನಾಲೂ ಒಂದೇ ಕಿಲೋಮೀಟರ್ ಓಡುವ ಕಾರಿನಲ್ಲಿ ಅದು ಅಲ್ಲೇ ಉಳಿದು, ಉರಿಯದ ಪೆಟ್ರೋಲಿನೊಂದಿಗೆ ಎಣ್ಣೆಗೆ ಸೇರಿ ಎಣ್ಣೆಯನ್ನು ಕೆಡಿಸುತ್ತದೆ. ಎಣ್ಣೆ ಹೊಯ್ಯುವ ಮುಚ್ಚಳದ ಒಳಗೆ ಮಜ್ಜಿಗೆಯಂಥ ಬಿಳಿಜಿಡ್ಡು ಕಂಡರೆ ಅದು ಇದರ ಗುರುತು.

ಇದಕ್ಕೆ ಎರಡು ಪರಿಹಾರ. ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಸರಾಗವಾಗಿ ಓಡಿಸಿ. ಸುರತ್ಕಲ್ಲಿನ ಕಡಲತೀರಕ್ಕೋ ಮೂಡಬಿದಿರೆಯ ಬಸದಿಗೋ ಮಕ್ಕಳೊಂದಿಗೆ ಹೋಗಿಬನ್ನಿ. ಕಾರಿಗೂ ಒಳ್ಳೆಯದು, ಮನಸ್ಸಿಗೂ ಒಳ್ಳೆಯದು. ಎರಡನೆಯದು, ಕಿಲೋಮೀಟರ್ ಎಷ್ಟೇ ಕಡಿಮೆಯಿರಲಿ, ವರ್ಷಕ್ಕೊಮ್ಮೆ ಎಣ್ಣೆ ಮತ್ತು ಆಯಿಲ್ ಫಿಲ್ಟರ್ ಬದಲಿಸಿ. ಕೈಪಿಡಿಯಲ್ಲೂ "ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು" ಎಂದೇ ಇರುತ್ತದೆ. ನಾವು ಮೊದಲರ್ಧ ಓದಿ ಪುಸ್ತಕ ಮುಚ್ಚುತ್ತೇವೆ, ಅಷ್ಟೆ!

ಕೋಲು ಎಳೆದು ನೋಡಿ

ತಿಂಗಳಿಗೊಮ್ಮೆ, ಒಂದನೇ ತಾರೀಕೋ ಸಂಕ್ರಮಣವೋ ನಿಮಗೆ ನೆನಪಿರುವ ಒಂದು ದಿನ, ಈ ಐದು ನಿಮಿಷದ ಕೆಲಸ ಮಾಡಿ.

ಕಾರು ಸಮತಟ್ಟಾದ ಜಾಗದಲ್ಲಿರಲಿ. ಕದ್ರಿ ಗುಡ್ಡೆಯ ಇಳಿಜಾರಿನಲ್ಲಿ ಮನೆಯಿರುವವರು ಇದನ್ನು ವಿಶೇಷವಾಗಿ ಗಮನಿಸಬೇಕು, ಯಾಕೆಂದರೆ ಓರೆಯಾಗಿ ನಿಂತ ಕಾರು ಸುಳ್ಳು ಲೆಕ್ಕ ಹೇಳುತ್ತದೆ. ಇಂಜಿನ್ ನಿಲ್ಲಿಸಿ ಹತ್ತು ನಿಮಿಷ ಬಿಡಿ. ಬಾನೆಟ್ ಎತ್ತಿದರೆ ಹಳದಿ ಅಥವಾ ಕಿತ್ತಳೆ ಬಣ್ಣದ ಹಿಡಿಯ ಕೋಲೊಂದು ಕಾಣುತ್ತದೆ. ಅದೇ ಡಿಪ್‌ಸ್ಟಿಕ್. ಎಳೆದು, ನೂಲು ಬಿಡದ ಹಳೆ ಬಟ್ಟೆಯಿಂದ ಒರೆಸಿ, ಪುನಃ ಪೂರ್ತಿ ತೂರಿಸಿ, ಮತ್ತೆ ಎಳೆದು ನೋಡಿ. ತುದಿಯಲ್ಲಿ ಎರಡು ಗುರುತುಗಳಿರುತ್ತವೆ. ಎಣ್ಣೆ ಅವೆರಡರ ನಡುವೆ ಇದ್ದರೆ ನಿಶ್ಚಿಂತೆ. ಕೆಳಗಿನ ಗುರುತಿಗೆ ಇಳಿದಿದ್ದರೆ ಅದೇ ಗ್ರೇಡಿನ ಎಣ್ಣೆಯನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ. "ಇರಲಿ" ಎಂದು ಮೇಲಿನ ಗುರುತು ದಾಟಿಸಬಾರದು. ಹೆಚ್ಚಾದ ಎಣ್ಣೆ ಕಡೆದ ಮಜ್ಜಿಗೆಯಂತೆ ನೊರೆಯೇಳುತ್ತದೆ, ನೊರೆಯಿಂದ ಜಿಡ್ಡಿನ ರಕ್ಷಣೆ ಸಿಗುವುದಿಲ್ಲ.

ಎಣ್ಣೆ ಕಪ್ಪಾಗಿದೆ ಎಂದು ಗಾಬರಿಯಾಗಬೇಡಿ. ಒಳಗಿನ ಮಸಿಯನ್ನು ತೊಳೆದು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದೂ ಒಳ್ಳೆಯ ಎಣ್ಣೆಯ ಕೆಲಸವೇ. ಡೀಸೆಲ್ ಕಾರಿನ ಎಣ್ಣೆಯಂತೂ ಹಾಕಿದ ಕೆಲವೇ ದಿನದಲ್ಲಿ ಕಪ್ಪು. ಆದರೆ ಕೋಲಿನಲ್ಲಿ ಬಂದ ಎಣ್ಣೆ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಇಂಜಿನ್ ತಣಿಸುವ ನೀರು ಎಣ್ಣೆಗೆ ಸೇರುತ್ತಿರಬಹುದು. ಆಗ ಕಾರನ್ನು ಓಡಿಸದೆ ಮೆಕ್ಯಾನಿಕ್ಕನ್ನು ಕರೆಸಿ.

ಇನ್ನು ಎಣ್ಣೆ ಗಿಂಡಿಯ ಚಿತ್ರದ ಕೆಂಪು ದೀಪ. ಕೀ ತಿರುಗಿಸಿದಾಗ ಹೊತ್ತಿ, ಇಂಜಿನ್ ಶುರುವಾದೊಡನೆ ಅದು ಆರಬೇಕು. ಓಡುತ್ತಿರುವಾಗ ಅದು ಹೊತ್ತಿತೋ, "ಮನೆ ಇಲ್ಲೇ ಹತ್ತಿರ, ಮುಟ್ಟಿಬಿಡುವ" ಎಂಬ ಯೋಚನೆ ಬೇಡವೇ ಬೇಡ. ಎಡಕ್ಕೆ ತೆಗೆದು ತಕ್ಷಣ ಇಂಜಿನ್ ಆಫ್ ಮಾಡಿ. ಎಣ್ಣೆಯ ಒತ್ತಡವಿಲ್ಲದೆ ಒಂದೆರಡು ನಿಮಿಷ ಓಡಿದರೂ ಇಂಜಿನ್ ಸೀದುಹೋಗಬಹುದು. ಶಿರಾಡಿ ಘಾಟಿಯ ನಡುವೆ, ಮಳೆಯಲ್ಲಿ, ಮಕ್ಕಳನ್ನು ಕೂರಿಸಿಕೊಂಡು ಇಂಥ ಪ್ರಸಂಗ ಬಾರದಿರಲೆಂದೇ ಹೊರಡುವ ಮುನ್ನ ಆ ಕೋಲನ್ನು ನೋಡಬೇಕು.

ಪೆಟ್ರೋಲಿನ ಲೆಕ್ಕ ಇಡುವುದು ಹೇಗೆ?

"ನಮ್ಮ ಕಾರು ಹದಿನೆಂಟು ಕೊಡ್ತದೆ" ಎಂದು ಅಂದಾಜಿನಲ್ಲಿ ಹೇಳುವುದು ಬೇಡ. ಬಂಕಿನಲ್ಲಿ ಟ್ಯಾಂಕ್ ಫುಲ್ ಮಾಡಿಸಿ, ಪಂಪು ತಾನಾಗಿ ನಿಂತಲ್ಲಿಗೆ ಸಾಕು ಮಾಡಿ. ಮೀಟರಿನ ಅಂಕೆ ಬರೆದುಕೊಳ್ಳಿ. ಮುಂದಿನ ಸಲವೂ ಅದೇ ಬಂಕಿನಲ್ಲಿ ಹಾಗೆಯೇ ಫುಲ್ ಮಾಡಿಸಿ. ಉದಾಹರಣೆಗೆ ಮೊದಲು 18,240 ಇತ್ತು, ಈಗ 18,645. ಓಡಿದ್ದು 405 ಕಿಲೋಮೀಟರ್. ಈ ಸಲ 27 ಲೀಟರ್ ಹಿಡಿಯಿತು. 405ನ್ನು 27ರಿಂದ ಭಾಗಿಸಿದರೆ ಲೀಟರಿಗೆ 15 ಕಿಲೋಮೀಟರ್.

ಮೂರು ನಾಲ್ಕು ಸಲ ಬರೆದರೆ ನಿಮ್ಮ ಕಾರಿನ ಸ್ವಭಾವ ತಿಳಿಯುತ್ತದೆ. ಇದ್ದಕ್ಕಿದ್ದಂತೆ 15 ಇದ್ದದ್ದು 12ಕ್ಕೆ ಇಳಿದರೆ ಏನೋ ಕೆಟ್ಟಿದೆ ಎಂದರ್ಥ: ಟಯರಿನ ಗಾಳಿ, ಅಂಟಿಕೊಂಡ ಬ್ರೇಕ್, ಹಳೆಯ ಪ್ಲಗ್. ತಿಂಗಳಿಗೆ 600 ಕಿಲೋಮೀಟರ್ ಓಡುವ ಕಾರಿಗೆ 12ರ ಲೆಕ್ಕದಲ್ಲಿ 50 ಲೀಟರ್ ಬೇಕು, 15ರ ಲೆಕ್ಕದಲ್ಲಿ 40 ಲೀಟರ್ ಸಾಕು. ಲೀಟರಿಗೆ ನೂರು ರೂಪಾಯಿ ಎಂದು ಸುಲಭದ ಲೆಕ್ಕ ಹಿಡಿದರೂ ತಿಂಗಳಿಗೆ ಸಾವಿರ ರೂಪಾಯಿ ವ್ಯತ್ಯಾಸ!

ಲೆಕ್ಕ ಇಡುವಾಗ ಇನ್ನೊಂದನ್ನು ಗಮನದಲ್ಲಿಡಿ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆಸುತ್ತಾರೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇದಕ್ಕೆ ಚಾಲನೆ ಸಿಕ್ಕಿತು. 2025ರ ಹೊತ್ತಿಗೆ ದೇಶದಾದ್ಯಂತ ಬಂತು. ಲೀಟರಿಗೆ ಲೀಟರ್ ಹೋಲಿಸಿದರೆ ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಶಕ್ತಿ ಕಡಿಮೆ. ಹಳೆಯ ಕಾರುಗಳಲ್ಲಿ ಮೈಲೇಜ್ ಶೇಕಡಾ 6ರಿಂದ 7, ಇದಕ್ಕೆ ಹೊಂದಿಸಿದ ಹೊಸ ಕಾರುಗಳಲ್ಲಿ ಶೇಕಡಾ 1ರಿಂದ 2 ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಆದುದರಿಂದ ಮೈಲೇಜ್ ಸ್ವಲ್ಪ ಇಳಿದ ಮಾತ್ರಕ್ಕೆ ಮೆಕ್ಯಾನಿಕ್ಕನ್ನು ದೂರಬೇಡಿ. ಹಳೆಯ ಕಾರಾದರೆ ಪೆಟ್ರೋಲ್ ಹರಿಯುವ ರಬ್ಬರ್ ಕೊಳವೆಗಳನ್ನು ಸರ್ವೀಸಿನಲ್ಲಿ ತಪ್ಪದೆ ನೋಡಿಸಿ.

ಕಾಸು ಖರ್ಚಿಲ್ಲದ ಉಳಿತಾಯ

ಟಯರಿನ ಗಾಳಿ: ಡ್ರೈವರ್ ಬಾಗಿಲು ತೆರೆದರೆ ಎಷ್ಟು ಗಾಳಿ ಬೇಕೆಂಬ ಚೀಟಿ ಅಂಟಿಸಿರುತ್ತಾರೆ. ಹದಿನೈದು ದಿನಕ್ಕೊಮ್ಮೆ, ಟಯರು ತಣ್ಣಗಿರುವಾಗ ಅಷ್ಟೇ ಹಾಕಿಸಿ. ಗಾಳಿ ಕಡಿಮೆಯಾದರೆ ಪೆಟ್ರೋಲು ಹೆಚ್ಚು, ಟಯರು ಬೇಗ ಸವೆತ.

ನಂತೂರು ವೃತ್ತದ ಕಾಯುವಿಕೆ: ನಿಂತಲ್ಲೇ ಉರಿಯುವ ಸಣ್ಣ ಕಾರೂ ಗಂಟೆಗೆ ಅರ್ಧ ಲೀಟರಿಗೂ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ. ಅರ್ಧ ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಕಾಗಿ ಬಂದರೆ ಆಫ್ ಮಾಡಿ. ಗ್ಯಾಸ್ ಒಲೆ ಉರಿಸಿಟ್ಟು ತರಕಾರಿ ಹೆಚ್ಚಲು ಕೂರುತ್ತೀರಾ? ಇದೂ ಹಾಗೆಯೇ.

ಬೆಳಗಿನ ಸ್ಟಾರ್ಟ್: ಐದು ನಿಮಿಷ ನಿಲ್ಲಿಸಿ ಬಿಸಿ ಮಾಡುವುದು ಹಳೆಯ ಕಾಲದ ಪದ್ಧತಿ. ಈಗ ಅರ್ಧ ನಿಮಿಷ ಸಾಕು. ಮೊದಲ ಎರಡು ಮೂರು ಕಿಲೋಮೀಟರ್ ಆಕ್ಸಿಲರೇಟರ್ ಒತ್ತದೆ ಮೆಲ್ಲಗೆ ಹೋಗಿ.

ಇಳಿಜಾರಿನಲ್ಲಿ ನ್ಯೂಟ್ರಲ್: ಸರ್ಕ್ಯೂಟ್ ಹೌಸಿನ ಕಡೆಯಿಂದ ಇಳಿಯುವಾಗ, ಚಾರ್ಮಾಡಿ ಇಳಿಯುವಾಗ, "ಪೆಟ್ರೋಲ್ ಉಳೀತದೆ" ಎಂದು ಗೇರ್ ತೆಗೆಯುವವರಿದ್ದಾರೆ. ಇದು ಅಪಾಯವೂ ಹೌದು, ನಷ್ಟವೂ ಹೌದು! ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂದಿನ ಇಂಜಿನ್ನು ಪೆಟ್ರೋಲನ್ನು ಪೂರ್ತಿ ನಿಲ್ಲಿಸಿಬಿಡುತ್ತದೆ. ನ್ಯೂಟ್ರಲ್ಲಿಗೆ ಹಾಕಿದರೆ ಇಂಜಿನ್ ಬಂದ್ ಆಗದಿರಲು ಪೆಟ್ರೋಲ್ ಹರಿಯುತ್ತಲೇ ಇರುತ್ತದೆ. ಮೇಲಾಗಿ ಕಾರಿನ ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು, ಘಾಟಿಯಲ್ಲಿ ಬ್ರೇಕ್ ಕಾದು ಹಿಡಿಯದೆ ಹೋಗಬಹುದು. ಏರುವ ಗೇರಿನಲ್ಲೇ ಇಳಿಯಬೇಕು ಎಂಬ ಹಿರಿಯ ಚಾಲಕರ ಮಾತು ಸರಿ.

ಮೈಲೇಜ್ ಮಾತ್ರೆ, ಮ್ಯಾಗ್ನೆಟ್: ಟ್ಯಾಂಕಿಗೆ ಹಾಕುವ ಮಾತ್ರೆ, ಕೊಳವೆಗೆ ಕಟ್ಟುವ ಅಯಸ್ಕಾಂತ ಎಂದು ಮಾರಿಕೊಂಡು ಬರುತ್ತಾರೆ. ಅಮೆರಿಕದ ಪರಿಸರ ಸಂರಕ್ಷಣಾ ಇಲಾಖೆ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿತು. ಮೈಲೇಜನ್ನು ಹೇಳಿಕೊಳ್ಳುವಷ್ಟು ಏರಿಸಿದ್ದು ಒಂದೂ ಸಿಗಲಿಲ್ಲ. ಆ ದುಡ್ಡಿಗೆ ಒಂದು ಏರ್ ಫಿಲ್ಟರ್ ಬರುತ್ತದೆ.

ಮಳೆಗಾಲದಲ್ಲಿ ಒಂದು ಎಚ್ಚರ

ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು ನಮ್ಮದು. ಕೊಟ್ಟಾರ ಚೌಕಿ, ಪಂಪ್‌ವೆಲ್ ಮುಂತಾದ ಕಡೆ ರಸ್ತೆ ಹೊಳೆಯಾದದ್ದನ್ನು ನೋಡಿದ್ದೀರಿ. ನೀರಿನ ನಡುವೆ ಕಾರು ನಿಂತುಹೋದರೆ ಮತ್ತೆ ಮತ್ತೆ ಕೀ ತಿರುಗಿಸಬೇಡಿ. ಗಾಳಿಯನ್ನು ಒತ್ತಿ ಹಿಸುಕಬಹುದು, ನೀರನ್ನು ಆಗುವುದಿಲ್ಲ. ನೀರು ಹೊಕ್ಕ ಇಂಜಿನ್ನನ್ನು ಬಲವಂತದಿಂದ ತಿರುಗಿಸಿದರೆ ಒಳಗಿನ ಕಬ್ಬಿಣದ ತೋಳೇ ಬಗ್ಗುತ್ತದೆ. ಕಾರನ್ನು ತಳ್ಳಿಸಿ, ಎಳೆಸಿ, ಗ್ಯಾರೇಜಿಗೆ ಮುಟ್ಟಿಸಿ, ಎಣ್ಣೆಗೆ ನೀರು ಸೇರಿದೆಯೇ ಎಂದು ಮೊದಲು ನೋಡಿಸಿ. ಈ ನಷ್ಟ ಸಾಮಾನ್ಯ ಇನ್ಶೂರೆನ್ಸಿನಲ್ಲಿ ಹೆಚ್ಚಾಗಿ ಸೇರಿರುವುದಿಲ್ಲ. ಇಂಜಿನ್ ರಕ್ಷಣೆಯ ಹೆಚ್ಚುವರಿ ಕಂತು ಕಟ್ಟಿದ್ದೀರಾ ಎಂದು ಮೇ ತಿಂಗಳಲ್ಲೇ ಪಾಲಿಸಿ ತೆಗೆದು ನೋಡಿ.

ಗ್ಯಾರೇಜಿನಲ್ಲಿ ನೀವು ಹೇಳಬೇಕಾದದ್ದು

1. "ನಮ್ಮ ಕಾರಿಗೆ ಇಂಥ ಗ್ರೇಡು, ಇಷ್ಟು ಲೀಟರು." ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ ಮೂರರಿಂದ ಮೂರೂವರೆ ಲೀಟರ್. ಬಿಲ್ಲಿನಲ್ಲಿ ನಾಲ್ಕೂವರೆ ಕಂಡರೆ ಕೇಳಿ.

2. "ಸೀಲ್ ಒಡೆಯದ ಡಬ್ಬಿ ನನ್ನೆದುರು ತೆರೆಯಿರಿ." ಡಬ್ಬಿಯ ಮೇಲಿನ ಗ್ರೇಡ್, ತಯಾರಾದ ತಿಂಗಳು ಓದಿ. ಖಾಲಿ ಡಬ್ಬಿಗೆ ತೂತು ಮಾಡಿಸಿ. ಕಳಪೆ ಎಣ್ಣೆ ತುಂಬಿ ಮಾರುವವರಿಗೆ ಅದು ಸಿಗಬಾರದು.

3. "ಆಯಿಲ್ ಫಿಲ್ಟರ್ ಬದಲಿಸಿದ್ದನ್ನು ತೋರಿಸಿ." ಕೊಳೆ ಸೋಸಣಿಗೆಯಲ್ಲಿ ಹೊಸ ಚಹಾ ಸೋಸಿದರೆ ಏನು ಪ್ರಯೋಜನ?

4. "ಕೋಲು ಎಳೆದು ಎಣ್ಣೆ ಎಲ್ಲಿವರೆಗೆ ಉಂಟು ಅಂತ ತೋರಿಸಿ." ನಂತರವೇ ಹಣ ಕೊಡಿ.

5. "ಹಳೆ ಎಣ್ಣೆ ಎಲ್ಲಿಗೆ ಹೋಗ್ತದೆ?" ಅದನ್ನು ಚರಂಡಿಗೆ ಚೆಲ್ಲಬಾರದು. ಬಾವಿಗಳ ಊರು ನಮ್ಮದು. ಮಣ್ಣಿಗಿಳಿದ ಎಣ್ಣೆ ಕುಡಿಯುವ ನೀರನ್ನು ಹಾಳುಮಾಡುತ್ತದೆ. ಸಂಗ್ರಹಿಸಿ ಮರುಬಳಕೆಗೆ ಕೊಡುವ ಗ್ಯಾರೇಜಿಗೇ ಹೋಗಿ.

6. ಬಿಲ್ಲಿನ ಹಿಂದೆ ತಾರೀಕು, ಮೀಟರಿನ ಅಂಕೆ, ಗ್ರೇಡು ಬರೆದು ಕೈಪಿಡಿಯೊಳಗೆ ಇಡಿ. ಮುಂದೆ ಕಾರು ಮಾರುವಾಗ ಈ ಕಾಗದಗಳಿಗೂ ಬೆಲೆಯಿದೆ.

ಈ ಮಾತುಗಳನ್ನು ಹೇಳಲು ಸಂಕೋಚ ಬೇಡ. ಒಳ್ಳೆಯ ಮೆಕ್ಯಾನಿಕ್ ಇದರಿಂದ ಬೇಸರಿಸುವುದಿಲ್ಲ. ತಿಳಿದವರ ಕಾರೆಂದು ಇನ್ನಷ್ಟು ಮುತುವರ್ಜಿಯಿಂದ ಕೆಲಸ ಮಾಡುತ್ತಾನೆ. ಕದ್ರಿ ಗುಡ್ಡೆಯ ಮೇಲೆ 1946ರಿಂದ ಪಾಠ ಹೇಳುತ್ತಿರುವ ನಮ್ಮ ಕರ್ನಾಟಕ ಪಾಲಿಟೆಕ್ನಿಕ್ಕಿನಲ್ಲಿ ವಾಹನಗಳ ವಿದ್ಯೆಯನ್ನೂ ಕಲಿಸುತ್ತಾರೆ. ಮಗಳಿಗೆ ಆ ಕಡೆ ಒಲವಿದ್ದರೆ "ಅದು ಗಂಡುಮಕ್ಕಳ ವಿದ್ಯೆ" ಎಂದು ತಡೆಯಬೇಡಿ.

ಕೊನೆಯದಾಗಿ ಒಂದು ವಿನಂತಿ. ಈ ಪುಟ ಓದಿ ಮುಗಿಸಿದ ಮೇಲೆ, ಒಲೆಯ ಮೇಲಿನ ಅನ್ನ ಬೇಯುವಷ್ಟು ಹೊತ್ತಿನಲ್ಲಿ, ಆ ಕೈಪಿಡಿಯನ್ನು ಹುಡುಕಿ ತನ್ನಿ. ನಿಮ್ಮ ಕಾರಿನ ಎಣ್ಣೆಯ ಗ್ರೇಡನ್ನು ಡೈರಿಯಲ್ಲಿ ಬರೆದುಕೊಳ್ಳಿ. ಮುಂದಿನ ಸಲ "ಅಕ್ಕಾ, ಯಾವ ಆಯಿಲ್?" ಎಂದು ಕೇಳಿದಾಗ ಉತ್ತರ ನಿಮ್ಮ ಬಾಯಲ್ಲೇ ಇರಲಿ.